ಯಾರ ಮೂವತ್ತಾರು?

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಬೀದಿಗಳಲ್ಲಿ ದಾರ, ಗುಂಡಿ, ಲೇಸು, ಲೈನಿಂಗ್ ಬಟ್ಟೆ ಮಾರುವ ಅಂಗಡಿಗಳಿವೆ. ಅಂಥ ಅಂಗಡಿಯ ಗಲ್ಲಾದ ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಕವರುಗಳ ಗೊಂಚಲೊಂದು ನೇತಾಡುತ್ತಿರುತ್ತದೆ. ಒಳಗಿರುವುದು ಕಂದು ಬಣ್ಣದ ದಪ್ಪ ಕಾಗದದ ತುಂಡುಗಳು: ರವಿಕೆಯ ರೆಡಿ ಪೇಪರ್ ಕಟಿಂಗ್. 28, 30, 32 ಎಂದು ಎದೆಯಳತೆಯ ಲೆಕ್ಕದಲ್ಲಿ ಮೇಲೇರುತ್ತಾ ಹೋಗುತ್ತವೆ. ನಮ್ಮ ಅಳತೆ ಹೇಳಿದರೆ ಅಂಗಡಿಯವರು ಒಂದು ಕವರು ಕಿತ್ತು ಕೈಗಿಡುತ್ತಾರೆ. ಬಟ್ಟೆಯ ಮೇಲಿಟ್ಟು, ಸುತ್ತ ಚಾಕ್‌ನಲ್ಲಿ ಗೆರೆ ಎಳೆದು, ಕತ್ತರಿಸಿ ಹೊಲಿದರೆ ಆಯಿತು, ಬೇರೇನೂ ಗೊತ್ತಿರಬೇಕಾಗಿಲ್ಲ ಎನ್ನುತ್ತಾರೆ.

ನಾನು ತಂದ ಕವರಿನಲ್ಲಿ ಐದು ತುಂಡುಗಳಿದ್ದವು. ಬೆನ್ನಿನದು, ಮುಂಭಾಗದ್ದು, ತೋಳು, ಎದೆಯ ಕೆಳಗೆ ಬರುವ ಪಟ್ಟಿ, ಮತ್ತೆ ಬಿಲ್ಲಿನಂತೆ ಬಾಗಿದ ಇನ್ನೊಂದು ಸಣ್ಣ ಪಟ್ಟಿ. ಪ್ರತಿಯೊಂದರ ನಡುವೆ ರಬ್ಬರ್ ಮೊಹರಿನಲ್ಲಿ 36 ಎಂದು ಒತ್ತಿತ್ತು. ಅಷ್ಟೇ. ಯಾವುದು ಮೇಲೆ, ಯಾವುದು ಕೆಳಗೆ, ಎಲ್ಲಿ ಮಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬ ಒಂದಕ್ಷರವೂ ಇರಲಿಲ್ಲ. ಹೊಲಿಗೆ ಬಲ್ಲವರಿಗೆ ಅದು ಬೇಕಿಲ್ಲ. ಆದರೆ ಹೊಲಿಗೆ ಬಲ್ಲವರು ಈ ಕವರನ್ನೇ ಕೊಳ್ಳುವುದಿಲ್ಲ. ಕೊಳ್ಳುವವರು ನಮ್ಮಂಥವರು, ಈಗಷ್ಟೇ ಮಿಷನ್ನಿನ ಮುಂದೆ ಕೂತವರು. ಕಲಿಯುವವರಿಗಾಗಿ ಮಾಡಿದ ಈ ಕಾಗದ ಕಲಿತವರ ಜೊತೆ ಮಾತ್ರ ಮಾತಾಡುತ್ತದೆ. ಬಟ್ಟೆ ಹಾಳಾದಾಗ ನಮ್ಮ ಹೆಣ್ಣುಮಕ್ಕಳು "ನಂಗೆ ತಲೆ ಇಲ್ಲ ಕಣಕ್ಕ, ಈ ವಿದ್ಯೆ ನಂಗೆ ಹತ್ತಲ್ಲ" ಎಂದು ಮಿಷನ್ನಿಗೆ ಬಟ್ಟೆ ಹೊದಿಸಿಬಿಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಲೆ ಎಲ್ಲರಿಗೂ ಇದೆ, ಹೇಳಬೇಕಾದ್ದನ್ನು ಕಾಗದ ಹೇಳಿಲ್ಲ.

ಶೆಟ್ಟಿಹಳ್ಳಿ ಎಂಬ ಹೆಸರಿನ ಊರು ನಮ್ಮ ಸೀಮೆಯಲ್ಲಿ ಒಂದೇ ಅಲ್ಲ. ನಾನಿರುವುದು ಹೇಮಾವತಿಯ ಹಿನ್ನೀರಿನ ಶೆಟ್ಟಿಹಳ್ಳಿಯ ಆಸುಪಾಸಿನಲ್ಲಿ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಇಲ್ಲಿ ಕಟ್ಟಿಸಿದ ರೋಸರಿ ಚರ್ಚು, ಗೊರೂರಿನಲ್ಲಿ ಅಣೆಕಟ್ಟು ಎದ್ದ ಮೇಲೆ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಬಯಲಾಗುತ್ತದೆ. ಅದನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಊರಿನವರಿಗೆ ಮಾತ್ರ ರವಿಕೆ ಹೊಲಿಸುವುದಕ್ಕೂ ಹಾಸನಕ್ಕೋ ಗೊರೂರಿಗೋ ಬಸ್ಸು ಹಿಡಿಯಬೇಕು. ಬಟ್ಟೆ ಕೊಡಲು ಒಮ್ಮೆ, ತರಲು ಒಮ್ಮೆ, ಆಗಿಲ್ಲವೆಂದರೆ ಮತ್ತೊಮ್ಮೆ. ಶುಂಠಿ ಕೀಳುವ ಕಾಲದಲ್ಲೋ ಆಲೂಗಡ್ಡೆ ಬಿತ್ತುವ ಕಾಲದಲ್ಲೋ ಹೀಗೆ ಓಡಾಡಿದರೆ ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಹಾಗಾಗಿ ಇಲ್ಲಿ ಹೊಲಿಗೆ ಕಲಿಯಬೇಕೆಂಬ ಆಸೆ ಹೊತ್ತು ಕಳೆಯಲು ಹುಟ್ಟಿದ್ದಲ್ಲ. ನನ್ನ ಮಟ್ಟಿಗೆ, ಅತ್ತೆಯವರ ಕಾಲದ, ಕಾಲಿನಲ್ಲಿ ತುಳಿಯುವ ಮಿಷನ್ನು ಮನೆಯಲ್ಲಿತ್ತು, ಟ್ರಂಕಿನ ತುಂಬ ತಾಂಬೂಲದಲ್ಲಿ ಬಂದ ರವಿಕೆ ಕಣಗಳಿದ್ದವು. ಯಾರೂ ಹೊಲಿಸಿಕೊಳ್ಳದೆ ಕೈಯಿಂದ ಕೈಗೆ ದಾಟುವ ಆ ತೆಳು ಬಟ್ಟೆಗಳಿಗಿಂತ ಒಳ್ಳೆಯ ಅಭ್ಯಾಸದ ಬಟ್ಟೆ ಬೇರೆ ಇಲ್ಲ. ಹೊಸದಾಗಿ ಕಲಿಯುವ ಯಾರಿಗಾದರೂ ನಾನು ಮೊದಲು ಹೇಳುವುದು ಇದನ್ನೇ: ಟ್ರಂಕು ತೆಗೆಯಿರಿ.

ಮತ್ತೆ ಕಾಗದಕ್ಕೆ ಬರುತ್ತೇನೆ. 36 ಎಂದರೆ ಏನು? ಮೈಯ ಸುತ್ತಳತೆಯೋ, ಹೊಲಿದು ಮುಗಿದ ರವಿಕೆಯ ಸುತ್ತಳತೆಯೋ? ಎರಡೂ ಒಂದೇ ಆದರೆ ಉಸಿರೆಳೆದುಕೊಳ್ಳಲು ಜಾಗವಿರುವುದಿಲ್ಲ, ಆದ್ದರಿಂದ ಒಂದಿಷ್ಟು ಸಡಿಲ ಕೂಡಿಸಲೇಬೇಕು. ಜೊತೆಗೆ ಹೊಲಿಗೆಯ ಒಳಗೆ ಹೋಗುವ ಬಟ್ಟೆ, ಎಂದರೆ ಮಾರ್ಜಿನ್, ಬೇರೆ. ನನ್ನ ಕಾಗದದ ಬೆನ್ನಿನ ತುಂಡಿಗೆ ಕಂಕುಳಿನ ಮಟ್ಟದಲ್ಲಿ ಟೇಪು ಹಿಡಿದರೆ ಹತ್ತೂವರೆ ಇಂಚು ಬಂತು. ಆ ತುಂಡು ಅರ್ಧ ಬೆನ್ನಿನದು, ಅಂದರೆ ಮೈಸುತ್ತಿನ ಕಾಲುಭಾಗ. ಮೂವತ್ತಾರರ ಕಾಲುಭಾಗ ಒಂಬತ್ತು. ಉಳಿದ ಒಂದೂವರೆ ಇಂಚು ಯಾವುದು? ಅದು ಪೂರ್ತಿ ಮಾರ್ಜಿನ್ ಎಂದುಕೊಂಡವರು ಒಂದೂವರೆ ಇಂಚು ಒಳಗೆ ಹೊಲಿಯುತ್ತಾರೆ, ರವಿಕೆ ಸರಿಯಾಗಿ 36 ಆಗುತ್ತದೆ, ಮೈಗೆ ಬಿಗಿಯುತ್ತದೆ. ಅರ್ಧ ಇಂಚು ಸಡಿಲ, ಒಂದಿಂಚು ಮಾರ್ಜಿನ್ ಎಂದು ಓದಿದವರ ರವಿಕೆ 38 ಆಗುತ್ತದೆ. ಒಂದೇ ಕಾಗದ, ಇಬ್ಬರು ಓದುಗರು, ನಡುವೆ ಎರಡು ಇಂಚು. "ಮಾರ್ಜಿನ್ ಇಂತಿಷ್ಟು" ಎಂಬ ಎರಡು ಪದ ಒತ್ತಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ. 36 ಒತ್ತಿದ ಅದೇ ಮೊಹರಿನಲ್ಲಿ ಅದಕ್ಕೂ ಜಾಗವಿತ್ತು.

ಈ ಮಾರ್ಜಿನ್ ವಿಷಯದಲ್ಲಿ ನಮ್ಮ ದರ್ಜಿಗಳ ವಿವೇಕವನ್ನು ಮೆಚ್ಚಬೇಕು. ಅವರು ರವಿಕೆಯ ಎರಡೂ ಪಕ್ಕೆಯಲ್ಲಿ ಧಾರಾಳವಾಗಿ ಬಟ್ಟೆ ಬಿಟ್ಟು, ಒಂದರ ಪಕ್ಕ ಒಂದರಂತೆ ಎರಡು ಮೂರು ಸಾಲು ಹೊಲಿಗೆ ಹಾಕುತ್ತಾರೆ. ಬಾಣಂತನ ಮುಗಿಸಿ ಬಂದ ಮಗಳು ಒಂದು ಸಾಲು ಬಿಚ್ಚಿಕೊಂಡರೆ ಮದುವೆಯ ರವಿಕೆಯೇ ಮತ್ತೆ ಮೈಗೆ ಬರುತ್ತದೆ. ಒಂದು ಬಟ್ಟೆ ಹತ್ತು ಹದಿನೈದು ವರ್ಷ ಬಾಳಬೇಕೆಂಬ ಲೆಕ್ಕದಿಂದ ಬಂದ ಪದ್ಧತಿ ಅದು. ಪೇಟೆಯ ಪೇಪರ್ ಕಟಿಂಗ್‌ನಲ್ಲಿ ಈ ಪದ್ಧತಿ ಅಡಗಿದೆಯೋ ಇಲ್ಲವೋ ಎಂದು ಟೇಪು ಹಿಡಿದು ನಾವೇ ಪತ್ತೆ ಮಾಡಬೇಕು.

ಬೆನ್ನಿನ ತುಂಡು ಅರ್ಧ ಬೆನ್ನಿನದು. ಬಟ್ಟೆಯನ್ನು ಮಡಿಸಿ, ಆ ಮಡಿಕೆಗೆ ಕಾಗದದ ನೇರ ಅಂಚು ತಾಗಿಸಿ ಕತ್ತರಿಸಬೇಕು. ಹಾಗೆಂದು ಬರೆದಿಲ್ಲ. ಮುಂಭಾಗಕ್ಕೆ ಮಡಿಕೆ ಬೇಡ, ಅದು ನಡುವೆ ತೆರೆದುಕೊಳ್ಳಬೇಕು. ಅಲ್ಲಿ ಹುಕ್ ಪಟ್ಟಿ, ಕಾಜಾ ಪಟ್ಟಿಗೆ ಬೇರೆ ಬಟ್ಟೆ ತೆಗೆದಿಡಬೇಕು, ಒಂದು ಪಟ್ಟಿ ಒಳಕ್ಕೆ ಮಡಚಿಕೊಳ್ಳುತ್ತದೆ, ಇನ್ನೊಂದು ಹೊರಕ್ಕೆ ಚಾಚಿರುತ್ತದೆ. ಅದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಮುಂಭಾಗವನ್ನು ಬಟ್ಟೆಯ ಮೇಲೆ ಯಾವ ದಿಕ್ಕಿಗೆ ಇಡಬೇಕು ಎಂಬುದು. ನಮ್ಮ ಕಡೆಯ ರವಿಕೆಯ ಮುಂಭಾಗವನ್ನು ಬಹಳ ಮಂದಿ ಕ್ರಾಸ್ ಇಟ್ಟು ಕತ್ತರಿಸುತ್ತಾರೆ. ಹಾಸು ಹೊಕ್ಕು ಎರಡಕ್ಕೂ ಓರೆಯಾಗಿ ಇಟ್ಟಾಗ ಬಟ್ಟೆ ತುಸು ಎಳೆದುಕೊಡುತ್ತದೆ, ಆ ಎಳೆತದಿಂದಲೇ ಎದೆಯ ಮೇಲೆ ಸುಕ್ಕಿಲ್ಲದೆ ಕೂರುತ್ತದೆ. ಅದೇ ತುಂಡನ್ನು ನೇರಕ್ಕಿಟ್ಟು ಕತ್ತರಿಸಿದರೆ ಅಳತೆ ಕರಾರುವಾಕ್ಕಾಗಿದ್ದರೂ ಕೂರುವುದಿಲ್ಲ. ಕಾಗದದ ಮೇಲೊಂದು ಬಾಣದ ಗುರುತು ಇದ್ದರೆ ಸಾಕು, ಹೊಸಬರ ಒಂದು ಮೀಟರ್ ಬಟ್ಟೆ ಉಳಿಯುತ್ತದೆ. ಬಾಣ ಇಲ್ಲದ ಕಾಗದ ಕೊಟ್ಟು "ಏನೂ ಗೊತ್ತಿರಬೇಕಾಗಿಲ್ಲ" ಎನ್ನುವುದು ಸರಿಯಲ್ಲ.

ಇನ್ನು ತೋಳು. ಕಲಿಯುವವರೆಲ್ಲ ನಿಂತುಹೋಗುವ ಜಾಗ ಇದೇ. ತೋಳಿನ ಮೇಲಂಚು ಗುಡ್ಡದಂತೆ ಬಾಗಿರುತ್ತದೆ, ಆದರೆ ಎರಡು ಕಡೆಯ ಇಳಿಜಾರು ಒಂದೇ ಸಮ ಇರುವುದಿಲ್ಲ. ಒಂದು ಕಡೆ ಹೆಚ್ಚು ಒಳಕ್ಕೆ ಕೊರೆದಿರುತ್ತದೆ. ಆ ಕೊರೆದ ಕಡೆ ಮುಂದಕ್ಕೆ ಬರಬೇಕು, ಏಕೆಂದರೆ ಕೈ ಚಲಿಸುವುದು ಮುಂದಕ್ಕೆ, ಅಲ್ಲಿ ಹೆಚ್ಚು ಬಟ್ಟೆಯಿದ್ದರೆ ಕಂಕುಳಲ್ಲಿ ಮುದುಡುತ್ತದೆ. ಎಡ ತೋಳು ಬಲಕ್ಕೆ ಹೋದರೆ ಹೊಲಿಗೆ ಎಷ್ಟೇ ನಾಜೂಕಾಗಿದ್ದರೂ ರವಿಕೆ ಬೆನ್ನ ಕಡೆ ಎಳೆಯುತ್ತಿರುತ್ತದೆ. ಜೊತೆಗೆ, ತೋಳಿನ ಬಾಗನ್ನು ಟೇಪಿನಲ್ಲಿ ಅಳೆದರೆ ಅದು ಕೂಡುವ ಆರ್ಮ್‌ಹೋಲ್‌ನ ಬಾಗಿಗಿಂತ ತುಸು ಹೆಚ್ಚೇ ಬರುತ್ತದೆ. ಹೊಸಬರು ಕಾಗದವೇ ತಪ್ಪೆಂದು ಆ ಹೆಚ್ಚಿನ ಭಾಗ ಕತ್ತರಿಸಿ ಸಮ ಮಾಡುತ್ತಾರೆ. ವಾಸ್ತವದಲ್ಲಿ ಆ ಹೆಚ್ಚಳ ಬೇಕೆಂದೇ ಬಿಟ್ಟದ್ದು, ಭುಜದ ಉಬ್ಬಿನ ಮೇಲೆ ತೋಳು ಕೂರುವುದು ಅದರಿಂದ. ಹೊಲಿಯುವಾಗ ಬೆರಳಿನಲ್ಲಿ ಒತ್ತಿ ಒತ್ತಿ ಅದನ್ನು ಒಳಗೆ ಸೇರಿಸಿಕೊಳ್ಳಬೇಕು.

ನಮ್ಮ ಪಕ್ಕದ ಮನೆಯ ಹೆಣ್ಣುಮಗಳೊಬ್ಬಳು ಹಾಸನದ ಗಾರ್ಮೆಂಟ್ಸ್‌ನಲ್ಲಿ ವರ್ಷಾನುಗಟ್ಟಲೆ ದುಡಿದವಳು. ತೋಳು ಕೂಡಿಸುವುದರಲ್ಲಿ ಅವಳ ಕೈ ಕಣ್ಣಿಗೆ ಸಿಗದಷ್ಟು ಚುರುಕು. ನನ್ನ ಕಾಗದವನ್ನು ಅವಳ ಮುಂದಿಟ್ಟೆ. ತೋಳಿನ ತುಂಡನ್ನು ಎತ್ತಿ ಹಿಡಿದಳು, ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಅಕ್ಕ, ನಮ್ಗೆ ಇದ್ರಲ್ಲಿ ಕಚ್ಚು ಕೊಟ್ಟಿರ್ತಾರೆ. ಕಚ್ಚಿಗೆ ಕಚ್ಚು ಸೇರ್ಸದಷ್ಟೇ ನಮ್ ಕೆಲ್ಸ. ಕಚ್ಚೇ ಇಲ್ದಿದ್ರೆ ಹೆಂಗೆ?"

ಕಚ್ಚು ಎಂದರೆ ಯಾವ ಅಂಚು ಯಾವುದಕ್ಕೆ ಸೇರಬೇಕೆಂದು ತೋರಿಸುವ ಸಣ್ಣ ಕತ್ತರಿ ಗುರುತು. ಅವಳು ಹೇಳಿದ್ದು ಕಾರ್ಖಾನೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೇ. ಅಲ್ಲಿ ಬಟ್ಟೆಯನ್ನು ಪದರ ಪದರ ಹಾಸಿ, ಮೇಲೆ ತುಂಡುಗಳ ಗೆರೆ ಎಳೆದ ಮಾರ್ಕರ್ ಹಾಳೆ ಇಟ್ಟು, ಯಂತ್ರದಲ್ಲಿ ಒಟ್ಟಿಗೆ ಕತ್ತರಿಸುತ್ತಾರೆ. ಒಬ್ಬಳು ಕಾಲರ್, ಒಬ್ಬಳು ಪಾಕೆಟ್, ಒಬ್ಬಳು ತೋಳು. ದಿನಕ್ಕೆ ನೂರಾರು ತೋಳು ಕೂಡಿಸುವವಳಿಗೆ ಒಂದು ಉಡುಪಿನ ಪೂರ್ತಿ ಪ್ಯಾಟರ್ನ್ ಹಾಳೆಯನ್ನು ನೋಡುವ ಸಂದರ್ಭವೇ ಬರುವುದಿಲ್ಲ. ಅಷ್ಟು ನುರಿತ ಕೈ ಮನೆಯಲ್ಲಿ ತನ್ನ ಮಗಳಿಗೊಂದು ಫ್ರಾಕು ಕತ್ತರಿಸಲು ಅಂಜುತ್ತದೆ. ನಮ್ಮ ಜಿಲ್ಲೆಯ ಸಾವಿರಾರು ಹೆಣ್ಣುಮಕ್ಕಳು ಬೆಳಗಾಗೆದ್ದು ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಅವರ ಕೈಯಲ್ಲಿ ಹೊಲಿಗೆ ಇದೆ, ಉಡುಪು ಇಲ್ಲ. ಒಂದು ಸರಿಯಾದ ಕಾಗದ ಅವರಿಗೆ ಉಳಿದರ್ಧ ವಿದ್ಯೆಯನ್ನು ಕೊಡಬಲ್ಲದು ಎಂದು ನಾನು ನಂಬಿದ್ದೇನೆ.

ಆ ಸಂಜೆ ನಾವಿಬ್ಬರೂ ಸೇರಿ ಕಾಗದಕ್ಕೆ ಕಚ್ಚು ಹಾಕಿದೆವು. ತೋಳಿನ ಕೊರೆದ ಕಡೆಗೆ ಒಂದು, ಇನ್ನೊಂದು ಕಡೆಗೆ ಎರಡು. ಮುಂಭಾಗದ ಆರ್ಮ್‌ಹೋಲ್‌ಗೆ ಒಂದು, ಬೆನ್ನಿನದಕ್ಕೆ ಎರಡು. ಒಂದಕ್ಕೆ ಒಂದು, ಎರಡಕ್ಕೆ ಎರಡು. ಇದು ನಮ್ಮ ಹೊಸ ಶೋಧವೇನಲ್ಲ, ಹೊರದೇಶದ ಪ್ಯಾಟರ್ನುಗಳಲ್ಲಿ ಬಹುಕಾಲದಿಂದ ಇರುವ ಗುರುತು. ಓದು ಬರದವರೂ ಓದಬಲ್ಲ ಬರಹ ಅದು. ನಮ್ಮ ಪೇಟೆಯ ಕಾಗದದವರು ಇದೊಂದನ್ನು ತಂದುಕೊಂಡರೂ ಎಷ್ಟೋ ಉಪಕಾರ.

ಕಾಗದಗಳಲ್ಲಿ ಆರ್ಮ್‌ಹೋಲ್‌ನ ಆಳವನ್ನು ಎಲ್ಲಿಂದ ತರುತ್ತಾರೆ ಎಂದು ತಿಳಿಯಲು ನನಗೆ ತುಂಬ ದಿನ ಹಿಡಿಯಿತು. ಹೊಲಿಗೆ ಕಲಿಸುವವರ ಬಾಯಲ್ಲಿ ಎರಡು ಲೆಕ್ಕ ಕೇಳಿದ್ದೇನೆ. ಎದೆಯಳತೆಯನ್ನು ಆರರಿಂದ ಭಾಗಿಸು ಎನ್ನುವುದು ಒಂದು. ಎಂಟರಿಂದ ಭಾಗಿಸಿ ಒಂದೂವರೆ ಇಂಚು ಕೂಡಿಸು ಎನ್ನುವುದು ಇನ್ನೊಂದು. 36ಕ್ಕೆ ಎರಡೂ ಲೆಕ್ಕ ಹಾಕಿ ನೋಡಿ, ಎರಡರಲ್ಲೂ ಸರಿಯಾಗಿ ಆರು ಇಂಚು. ಅದಕ್ಕೇ ಮಧ್ಯಮ ಅಳತೆಯವರು ಯಾವ ಕಾಗದ ತಂದರೂ ಸರಿಯಾಯಿತು ಎನ್ನುತ್ತಾರೆ. 28ರ ಹುಡುಗಿಗೆ ಲೆಕ್ಕ ಹಾಕಿ. ಮೊದಲನೆಯದರಲ್ಲಿ ನಾಲ್ಕೂ ಮುಕ್ಕಾಲಿಗೂ ಕಡಿಮೆ, ಎರಡನೆಯದರಲ್ಲಿ ಐದು. 44ರ ಹೆಂಗಸಿಗೆ ತಿರುಗಿಬೀಳುತ್ತದೆ: ಮೊದಲನೆಯದರಲ್ಲಿ ಏಳೂ ಕಾಲಿಗಿಂತ ಹೆಚ್ಚು, ಎರಡನೆಯದರಲ್ಲಿ ಏಳೇ. ಆಳ ಹೆಚ್ಚಾದ ಆರ್ಮ್‌ಹೋಲ್ ಇದ್ದರೆ ಕೈ ಎತ್ತಿದಾಗ ಇಡೀ ರವಿಕೆ ಮೇಲೇರುತ್ತದೆ, ಕಡಿಮೆಯಾದರೆ ಕಂಕುಳನ್ನು ಕೊಯ್ಯುತ್ತದೆ. ತೀರ ತೆಳ್ಳಗಿನವರು, ತುಂಬ ದಪ್ಪಗಿನವರು "ನಮ್ ಮೈಗೆ ಯಾವ್ದೂ ಸರಿಯಾಗಲ್ಲ" ಎಂದು ಮೈಯನ್ನೇ ಹಳಿದುಕೊಳ್ಳುತ್ತಾರಲ್ಲ, ಅದರ ಬೇರು ಇಲ್ಲಿದೆ. ಯಾವ ಲೆಕ್ಕದಿಂದ ಕಾಗದ ಮಾಡಿದ್ದೇವೆಂದು ಕವರಿನ ಮೇಲೆ ಬರೆಯಲು ಅಡ್ಡಿಯೇನು?

ನನ್ನ ಬಂಧುವೊಬ್ಬರು ಹೊರದೇಶದಿಂದ ಬರುವಾಗ, ನನಗೆ ಹೊಲಿಗೆಯ ಹುಚ್ಚು ಹಿಡಿದಿದೆಯೆಂದು ತಿಳಿದು, ಎರಡು ಬಗೆಯ ಪ್ಯಾಟರ್ನು ತಂದುಕೊಟ್ಟರು. ಅಮೆರಿಕದ್ದು ಲಕೋಟೆಯಲ್ಲಿತ್ತು, ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ. ಯುರೋಪಿನದು ಒಂದು ಮಾಸಪತ್ರಿಕೆಯ ನಡುವೆ ಮಡಿಸಿಟ್ಟ ಹಾಳೆ. ಅದನ್ನು ಜಗಲಿಯ ಮೇಲೆ ಬಿಡಿಸಿದರೆ ಕಣ್ಣು ಕತ್ತಲಿಟ್ಟಿತು. ಒಂದೇ ಹಾಳೆಯ ಮೇಲೆ ಹತ್ತಾರು ಉಡುಪುಗಳ ಗೆರೆಗಳು ಒಂದರ ಮೇಲೊಂದು ಹರಿದಿದ್ದವು. ಕೆಂಪು, ಕಪ್ಪು, ನೀಲಿ, ಹಸಿರು. ಒಂದೊಂದು ಸೈಜಿಗೆ ಒಂದೊಂದು ಬಗೆಯ ಗೆರೆ: ತುಂಡು ಗೆರೆ, ಚುಕ್ಕಿ ಗೆರೆ, ಚುಕ್ಕಿ ಮತ್ತು ಗೆರೆ. ಅಂಚಿನಲ್ಲಿರುವ ಅಂಕಿ ಹುಡುಕಿ, ಅಲ್ಲಿಂದ ನೇರಕ್ಕೆ ಒಳಗೆ ಬಂದು, ನಮ್ಮ ಗೆರೆ ಹಿಡಿದು, ಬೇರೆ ಕಾಗದಕ್ಕೆ ನಕಲು ಮಾಡಿಕೊಳ್ಳಬೇಕು. ಮಾರ್ಜಿನ್ ಸೇರಿಲ್ಲ, ಅದನ್ನು ನಾವೇ ಬಿಡಬೇಕು. ಅಮೆರಿಕದ ಲಕೋಟೆಯದರಲ್ಲಿ ಮಾರ್ಜಿನ್ ಸೇರಿದೆ, ಒಂದೂವರೆ ಸೆಂಟಿಮೀಟರ್. ಈ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದೇ ರೀತಿ ಬಳಸಿದರೆ ಒಂದು ಕೆಡುವುದು ಖಂಡಿತ. ಸೈಜಿನ ಅಂಕಿಗಳೂ ಹಾಗೆಯೇ. ಯುರೋಪಿನ 38 ಎಂದರೆ ಎದೆ 38 ಇಂಚಲ್ಲ, 88 ಸೆಂಟಿಮೀಟರ್, ಹೆಚ್ಚುಕಡಿಮೆ ಮೂವತ್ತನಾಲ್ಕೂವರೆ ಇಂಚು. ಅಮೆರಿಕದ ಪ್ಯಾಟರ್ನಿನ 12 ಎಂದರೆ ಎದೆ 34 ಇಂಚು. ಹಾಸನದ 36 ಹಾಸನದ್ದು.

ಈ ಕಾಗದಗಳ ವ್ಯಾಪಾರ ಶುರುವಾದದ್ದು ಹೀಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಟರ್ಲಿಂಗ್ ಎಂಬ ಊರಿನಲ್ಲಿ ಎಬೆನೆಜರ್ ಬಟರಿಕ್ ಎಂಬ ದರ್ಜಿ ಇದ್ದ. ಆತನಿಗೆ ಮುಂಚೆ ಸಿಗುತ್ತಿದ್ದ ಪ್ಯಾಟರ್ನುಗಳು ಸಾಮಾನ್ಯವಾಗಿ ಒಂದೇ ಅಳತೆಯವು, ಹಿಗ್ಗಿಸುವುದು ಕುಗ್ಗಿಸುವುದು ಹೊಲಿಯುವವಳ ಪಾಡು. ಹೆಂಡತಿ ಎಲೆನ್ ಪಡುತ್ತಿದ್ದ ಈ ಕಷ್ಟವನ್ನು ನೋಡಿ, 1863ರಲ್ಲಿ ಆತ ಬೇರೆ ಬೇರೆ ಅಳತೆಗಳಲ್ಲಿ ಕಾಗದದ ಪ್ಯಾಟರ್ನು ಮಾರಲು ತೊಡಗಿದ. ಆ ಕಾಲದ ಕಾಗದಗಳ ಮೇಲೆ ಅಚ್ಚು ಇರಲಿಲ್ಲ. ತೂತುಗಳೂ ಕಚ್ಚುಗಳೂ ಮಾತ್ರ ಇದ್ದವು, ಯಾವ ತೂತಿಗೆ ಏನರ್ಥವೆಂದು ಹೊಲಿಯುವವಳೇ ಬಿಡಿಸಿಕೊಳ್ಳಬೇಕಿತ್ತು. ಅಂಥ ಬಿಡಿ ತುಂಡುಗಳ ಮೇಲೆ ಗೆರೆ, ಅಕ್ಷರ ಅಚ್ಚಾಗಲು ಇಪ್ಪತ್ತನೆಯ ಶತಮಾನವೇ ಬೇಕಾಯಿತು. ಇದನ್ನು ತಿಳಿದಾಗ ನನಗೆ ಧೈರ್ಯ ಬಂತು. ಬರಿ 36 ಎಂದು ಒತ್ತಿದ ನಮ್ಮ ಕಂದು ಕಾಗದ ಆ ಮೊದಲ ಘಟ್ಟದಲ್ಲಿದೆ. ಅಲ್ಲಿನ ಹೆಂಗಸರೂ ಅಂಥ ಕಾಗದದ ಮುಂದೆ ಕೂತು ತಲೆ ಕೆಡಿಸಿಕೊಂಡವರೇ, ಅವರ ಕಾಗದ ಸುಧಾರಿಸಿತು. ನಮ್ಮದೂ ಸುಧಾರಿಸಬಹುದು.

ಆದರೆ ಎಷ್ಟು ಸುಧಾರಿಸಿದರೂ, ಆ ಕಾಗದ ಯಾರ ಮೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿತು ಎಂಬ ಪ್ರಶ್ನೆ ಉಳಿದೇ ಇರುತ್ತದೆ. ನನ್ನ ಯುರೋಪಿನ ಹಾಳೆಯ ಅಳತೆಪಟ್ಟಿಯಲ್ಲಿ ಎತ್ತರ 168 ಸೆಂಟಿಮೀಟರ್ ಎಂದು ಬರೆದಿದೆ, ಅಂದರೆ ಐದೂವರೆ ಅಡಿ. ನಮ್ಮೂರಿನಲ್ಲಿ ಐದಡಿಯ ಆಸುಪಾಸಿನವರೇ ಹೆಚ್ಚು. ಎತ್ತರ ಕಡಿಮೆಯೆಂದು ಕೆಳಗಡೆ ಕತ್ತರಿಸಿದರೆ ಸಾಲದು. ಭುಜದಿಂದ ಎದೆಗೆ, ಎದೆಯಿಂದ ಸೊಂಟಕ್ಕೆ, ಎಲ್ಲ ಹಂತದಲ್ಲೂ ತುಸು ತುಸು ಮಡಚಬೇಕು. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರನ್ನು ಅಳೆಯಿತು, ಒಬ್ಬೊಬ್ಬರಿಗೆ 59 ಅಳತೆ. ಎದೆಯಳತೆಯೊಂದನ್ನೇ ಹಿಡಿದು ಉಳಿದ ಮೈಯನ್ನು ಊಹಿಸಲಾಗದು, ಎತ್ತರ ತೂಕ ಎರಡೂ ಬೇಕು ಎಂದು ಆ ಕೆಲಸ ಮಾಡಿದವರು ತೋರಿಸಿದರು. ಅವರ ಅಂತಿಮ ಲೆಕ್ಕಕ್ಕೆ ಬಿಳಿಯ ಹೆಂಗಸರನ್ನು ಮಾತ್ರ ಹಿಡಿದಿದ್ದರು. ನಮ್ಮ ದೇಶದಲ್ಲಿ ಜವಳಿ ಸಚಿವಾಲಯವೂ ನಿಫ್ಟ್ ಎಂಬ ಫ್ಯಾಷನ್ ಶಿಕ್ಷಣ ಸಂಸ್ಥೆಯೂ ಸೇರಿ ಇಂಡಿಯಾಸೈಜ್ ಎಂಬ ಅಳತೆ ಸಮೀಕ್ಷೆ ಕೈಗೊಂಡವು. ಆರು ನಗರಗಳಲ್ಲಿ 15ರಿಂದ 65 ವರ್ಷದ 25,000 ಜನರನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಬಹಳ ಒಳ್ಳೆಯ ಕೆಲಸ. ಆದರೆ ಆರೂ ನಗರಗಳೇ.

ಹಳ್ಳಿಯ ಮೈ ಬೇರೆ ಎನ್ನುವುದು ನನಗೆ ತಿಳಿದದ್ದು ತೋಳಿನಿಂದ. ಶುಂಠಿ ಹೊಲದಲ್ಲಿ ಮಣ್ಣು ಏರಿಸುವ, ಮೇವಿನ ಹೊರೆ ಹೊರುವ ಹೆಂಗಸರ ಮೇಲ್ದೋಳು ಗಟ್ಟಿಮುಟ್ಟು. ಎದೆ 34 ಇರುವವಳಿಗೆ 34ರ ಕಾಗದದ ತೋಳು ಏರುವುದೇ ಇಲ್ಲ. 38ರ ತೋಳು ತಂದರೆ ಆರ್ಮ್‌ಹೋಲ್‌ಗೆ ಕೂಡುವುದಿಲ್ಲ. ಕಾಗದದ ತೋಳನ್ನು ನಡುವೆ ಉದ್ದಕ್ಕೆ ಸೀಳಿ, ಮೇಲ್ತುದಿ ಅಂಟಿದ ಹಾಗೇ ಇಟ್ಟು, ಕೆಳಗೆ ಬಿಡಿಸಿ, ನಡುವಿನ ಖಾಲಿ ಜಾಗಕ್ಕೆ ಹಳೇ ಕ್ಯಾಲೆಂಡರಿನ ತುಂಡು ಅಂಟಿಸಿದಾಗಲೇ ಅದು ದುಡಿಯುವ ಕೈಗೆ ಸರಿಹೋಗುತ್ತದೆ. ನನ್ನ ಹತ್ತಿರ ಈಗ ಹಾಗೆ ಹಿಗ್ಗಿಸಿದ ತೋಳಿನ ಕಾಗದಗಳ ಒಂದು ಕಟ್ಟೇ ಇದೆ.

ಹಾಸನದ ದರ್ಜಿಗಳು ಈ ಗೋಜಿಗೇ ಹೋಗುವುದಿಲ್ಲ. "ಅಳತೆ ಬ್ಲೌಸ್ ತಂದಿದೀರಾ?" ಎಂದು ಕೇಳಿ, ಅದನ್ನು ಮಡಿಸಿ ಹೊಸ ಬಟ್ಟೆಯ ಮೇಲಿಟ್ಟು, ಎರಡು ಗೆರೆ ಎಳೆದು ಕತ್ತರಿ ಹಾಕುತ್ತಾರೆ. ಮೈಗೆ ಒಗ್ಗಿದ ಹಳೇ ರವಿಕೆಗಿಂತ ಸತ್ಯವಾದ ಪ್ಯಾಟರ್ನು ಇಲ್ಲ, ನಿಜ. ಆದರೆ ಹಳೇ ರವಿಕೆಯ ಐಬು ಕೂಡ ಹೊಸದಕ್ಕೆ ಹಾಗೇ ಇಳಿಯುತ್ತದೆ, ಮತ್ತೆ ಆ ದರ್ಜಿಯ ಕಣ್ಣಿನಲ್ಲಿರುವ ಲೆಕ್ಕ ಯಾವ ಕಾಗದಕ್ಕೂ ಬರುವುದಿಲ್ಲ. ಅದಕ್ಕೂ ಹಿಂದೆ ನಮ್ಮ ಅಜ್ಜಿಯರು ತೊಡುತ್ತಿದ್ದ ಗಂಟಿನ ಕುಬುಸವಿತ್ತು. ನೇರ ಗೆರೆಯ ತುಂಡುಗಳು, ಕಂಕುಳಿಗೊಂದು ಚೌಕ, ಎದೆಯ ಕೆಳಗೆ ಎರಡು ತುದಿ ಸೇರಿಸಿ ಗಂಟು. ಬಾಗು ಕಡಿಮೆ, ಬಟ್ಟೆ ವ್ಯರ್ಥವಾಗುವುದೂ ಕಡಿಮೆ, ಮೈ ಹೆಚ್ಚು ಕಡಿಮೆಯಾದರೆ ಗಂಟೇ ಸರಿಮಾಡಿಕೊಳ್ಳುತ್ತಿತ್ತು. ಕಂಕುಳಿನ ಆ ಚೌಕ ನನಗೆ ಬಹಳ ಇಷ್ಟ. ಕೈ ಎಷ್ಟು ಎತ್ತಿದರೂ ಕುಬುಸ ಮೇಲೇರದಂತೆ ಅದು ಹಿಡಿದುಕೊಳ್ಳುತ್ತದೆ. ನಾಟಿ ಹಾಕುವವಳಿಗೆ, ರೊಟ್ಟಿ ತಟ್ಟುವವಳಿಗೆ ಬೇಕಾದದ್ದು ಅದೇ.

ಗೆರೆಗಳ ಲೆಕ್ಕ ಬಾಯಿಬಿಟ್ಟು ಹೇಳಿದರೆ ಕಲಿಯುವುದು ಎಷ್ಟು ಹಗುರ ಎಂದು ಕಂಡದ್ದು ಒಂದು ಫ್ರಾಕಿನಿಂದ. ಇಲ್ಲಿ ಕ್ರೈಸ್ತ ಕುಟುಂಬಗಳಿವೆ, ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಬಿಳಿ ಫ್ರಾಕು ಬೇಕು. ಹಳೇ ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳಲು ಬರುವ ಮದುವಣಗಿತ್ತಿಯರ ನೆಲಗುಡಿಸುವ ಗೌನು ನೋಡಿ ಮಕ್ಕಳಿಗೂ ಅಂಥದೇ ಸುತ್ತಿನ ಆಸೆ. ತಂಗಿಗೆ ಹೊಲಿಯಬೇಕೆಂದು ಬಂದ ಹತ್ತನೇ ತರಗತಿಯ ಹುಡುಗಿಗೆ ನಾನು ಯಾವ ಕವರನ್ನೂ ಕೊಡಲಿಲ್ಲ. "ಸೊಂಟ ಎಷ್ಟಮ್ಮ?" ಎಂದೆ. "ಇಪ್ಪತ್ನಾಲ್ಕು ಆಂಟಿ." ಪೂರ್ತಿ ಸುತ್ತು ಬರಲು ಬಟ್ಟೆಯನ್ನು ವೃತ್ತವಾಗಿ ಕತ್ತರಿಸಬೇಕು, ವೃತ್ತದ ಸುತ್ತಳತೆಯ ಸೂತ್ರ ಅವಳಿಗೆ ಬರುತ್ತಿತ್ತು. ಇಪ್ಪತ್ನಾಲ್ಕನ್ನು 6.28ರಿಂದ ಭಾಗಿಸಿದಳು, ಮೂರೂ ಮುಕ್ಕಾಲಿಗಿಂತ ಒಂದೆಳೆ ಹೆಚ್ಚು. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಮಡಿಕೆಯ ಮೂಲೆಗೆ ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಗೆ ಚಾಕ್ ಕಟ್ಟಿ ಸೊಂಟದ ಬಾಗು ಎಳೆದಳು. ಅಲ್ಲಿಂದ ಫ್ರಾಕಿನ ಉದ್ದ ಕೂಡಿಸಿ ಇನ್ನೊಂದು ಬಾಗು. ಬಟ್ಟೆ 44 ಇಂಚು ಅಗಲದ್ದು, ಮಡಿಸಿದರೆ 22, ಅದರಲ್ಲಿ ಸೊಂಟದ ಮೂರೂ ಮುಕ್ಕಾಲು ಕಳೆದರೆ ಉದ್ದ ಹದಿನೆಂಟರ ಮೇಲೆ ಹೋಗುವುದಿಲ್ಲ ಎಂಬುದನ್ನೂ ಅವಳೇ ಕಂಡುಕೊಂಡಳು. ಯಾರೂ ಹೇಳಿಕೊಡದೆ, "ಅಂಚು ಮಡಿಸೋಕೆ ಅರ್ಧ ಇಂಚು ಹೋಗುತ್ತಲ್ವಾ ಆಂಟಿ?" ಎಂದು ಕೇಳಿದಳು. ಈ ಪ್ರಶ್ನೆ ಕೇಳಿದ ದಿನವೇ ಒಬ್ಬಳು ಕತ್ತರಿ ಹಿಡಿಯಲು ತಯಾರಾದಳೆಂದು ನನ್ನ ನಂಬಿಕೆ.

ಹೊಲಿಗೆ ಕಲಿಸುವ ಏರ್ಪಾಡುಗಳು ಇಲ್ಲದಿಲ್ಲ. ಕೇಂದ್ರ ಸರ್ಕಾರ 2023ರಲ್ಲಿ ಶುರುಮಾಡಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿಯ ಕಸುಬೂ ಒಂದು. ಐದರಿಂದ ಏಳು ದಿನದ ಮೂಲ ತರಬೇತಿ, ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವು. ಅದಕ್ಕೂ ಮುಂಚಿನಿಂದ ಉಜಿರೆಯಲ್ಲಿ 1982ರಲ್ಲಿ ಹುಟ್ಟಿದ ರುಡ್‌ಸೆಟ್‌ನಂಥ ಸಂಸ್ಥೆಗಳು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾ ಬಂದಿವೆ. ಹಳ್ಳಿ ಹಳ್ಳಿಗೆ ಮಿಷನ್ನು ಬರುತ್ತಿದೆ, ಇದು ಸಂತೋಷದ ವಿಷಯ. ಮಿಷನ್ನಿನ ಜೊತೆಗೆ ಹತ್ತು ಒಳ್ಳೆಯ ಕಾಗದಗಳೂ ಬರಲಿ ಎಂಬುದು ನನ್ನ ಆಸೆ. ಕನ್ನಡದಲ್ಲಿ ಅಚ್ಚಾದವು. ಈ ಅಂಚನ್ನು ಮಡಿಕೆಗೆ ಇಡಿ, ಮಾರ್ಜಿನ್ ಇಷ್ಟು ಸೇರಿದೆ, ಈ ಬಾಣ ಬಟ್ಟೆಯ ಅಂಚಿಗೆ ಸಮಾನಾಂತರವಾಗಿರಲಿ, ಒಂದು ಕಚ್ಚು ಮುಂದಕ್ಕೆ ಎರಡು ಕಚ್ಚು ಹಿಂದಕ್ಕೆ, ತೋಳು ಬಿಗಿಯಾದರೆ ಇಲ್ಲಿ ಸೀಳಿ ಹಿಗ್ಗಿಸಿ. ಇಷ್ಟು ಬರೆಯಲು ಅರ್ಧ ಪುಟ ಸಾಕು. ತರಬೇತಿ ಮುಗಿದು, ಟೀಚರು ಹೊರಟುಹೋಗಿ, ಒಬ್ಬಳೇ ಮಿಷನ್ನಿನ ಮುಂದೆ ಕೂತಾಗ ಅವಳಿಗೆ ಆಸರೆಯಾಗುವುದು ಆ ಅರ್ಧ ಪುಟವೇ.

ನಾನಂತೂ ನನ್ನ ಕಾಗದಗಳ ಮೇಲೆ ಬರೆಯುತ್ತಾ ಬಂದಿದ್ದೇನೆ. ಬೇಕೆಂದವರು ತಂದು ನಕಲು ಮಾಡಿಕೊಳ್ಳುತ್ತಾರೆ, ಮರಳಿಸುವಾಗ ತಮಗೆ ಕಂಡದ್ದನ್ನೂ ಸೇರಿಸಿ ಬರೆಯುತ್ತಾರೆ. ಮೊನ್ನೆ ಗಾರ್ಮೆಂಟ್ಸ್‌ನ ಆ ಹೆಣ್ಣುಮಗಳು ತನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಗದ್ದೆಯಲ್ಲಿ ಬಗ್ಗಿ ಬಗ್ಗಿ ಅವರ ಬೆನ್ನು ಗೂನಾಗಿದೆ. ಯಾವ ರವಿಕೆ ತೊಟ್ಟರೂ ಹಿಂದೆ ಮೇಲಕ್ಕೆ ಸರಿದು ಸೊಂಟ ಕಾಣುತ್ತದೆ, ಮುಂದೆ ಬಟ್ಟೆ ಗುಡ್ಡೆಯಾಗುತ್ತದೆ. ಮೂವತ್ತೆರಡೋ ಮೂವತ್ತನಾಲ್ಕೋ ಎಂದು ಕೇಳುವ ಯಾವ ಕವರಿನಲ್ಲೂ ಆ ಬೆನ್ನಿಗೆ ಜಾಗವಿಲ್ಲ. ನಾವು ಟೇಪು ಹಿಡಿದು ಬೆನ್ನಿನ ಉದ್ದ ಬೇರೆ, ಮುಂದಿನ ಉದ್ದ ಬೇರೆ ಅಳೆದೆವು. ಹಿಂದಿನದು ಮುಂದಿನದಕ್ಕಿಂತ ಒಂದೂವರೆ ಇಂಚು ಹೆಚ್ಚು ಬಂತು. ಬೆನ್ನಿನ ಕಾಗದವನ್ನು ರೆಕ್ಕೆಮೂಳೆಯ ಮಟ್ಟದಲ್ಲಿ ಅಡ್ಡಕ್ಕೆ ಸೀಳಿ ಬಿಡಿಸಿದೆವು, ಕೊರಳ ಹತ್ತಿರ ಎರಡು ಸಣ್ಣ ಟಕ್ಸ್ ಇಟ್ಟೆವು, ಭುಜದ ಹೊಲಿಗೆಯನ್ನು ಅರ್ಧ ಇಂಚು ಮುಂದಕ್ಕೆ ತಂದೆವು. ಮುಂಭಾಗದ ಕಾಗದದಲ್ಲಿ ಎದೆಯ ಮೇಲೆ ಮುಕ್ಕಾಲು ಇಂಚು ಮಡಚಿ ಅಂಟಿಸಿದೆವು. ಸೊಸೆ ಕಚ್ಚು ಗುರುತು ಹಾಕುತ್ತಿದ್ದಾಗ ಅಜ್ಜಿ ಕಾಗದ ನೋಡಿ ಹೇಳಿದರು:

"ಮುಂದ್ಕೆ ಹುಕ್ಕು ಬ್ಯಾಡ ಕಣವ್ವ, ಬೆಟ್ಟು ಬಗ್ಗಲ್ಲ. ಟಿಚ್ ಬಟನ್ ಹಾಕ್ಬುಡು. ಅದ್ನೂ ಅದ್ರಲ್ಲೇ ಬರ್ದಿಡು."

ಮುಂಭಾಗದ ತುಂಡಿನ ಮೇಲೆ ಬರೆದೆವು: ಟಿಚ್ ಬಟನ್, ಐದು, ದೊಡ್ಡವು.